ಐದು ತಾಲೂಕಿನ ಸೊಟ್ಟ ಗೆರೆ

ಹೊಸದಾಗಿ ವೈರ್‌ಲೆಸ್ ಕೆಲಸಕ್ಕೆ ಸೇರಿದವರು ನನ್ನನ್ನು ಕಂಡಾಗ ಮೊದಲು ಕೇಳುವುದು ಬಡ್ತಿಯ ವಿಷಯ. ಅದರಲ್ಲಿ ನನ್ನಿಂದ ಕಲಿಯುವಂಥದ್ದು ಏನೂ ಇಲ್ಲ. ಆಪರೇಟರ್ ಆಗಿ ಸೇರಿದೆ, ಹಿರಿಯ ಆಪರೇಟರ್ ಆಗಿ ಹೊರಬಂದೆ, ನಡುವೆ ತಲೆ ಬೆಳ್ಳಗಾಯಿತು. ನಾನು ಹೇಳಬೇಕಾದದ್ದು ಬೇರೆಯೇ ಇದೆ. ಒಂದು ನೆರೆಯಲ್ಲಿ ಕಾಗವಾಡದ ಕಡೆ ಒಂಬತ್ತು ಮಂದಿ ನೀರಿನ ನಡುವೆ ಕೂತಿದ್ದರು. ಬೋಟು ಅವರ ಮನೆಯ ತನಕ ಬಂದು, ಒಳಗೆ ಯಾರೂ ಇಲ್ಲವೆಂದು ತಿಳಿದು ಮುಂದೆ ಹೋಯಿತು. ಅದಕ್ಕೆ ಕಾರಣ ನಾನು. ಎಲ್ಲರೂ ಕ್ಷೇಮವಾಗಿ ಬಂದರು, ಓದುವವರು ಗಾಬರಿಯಾಗುವುದು ಬೇಡ. ಆದರೆ ಆ ತಪ್ಪು ಹೇಗಾಯಿತು ಎಂಬುದನ್ನು ನಾನೇ ಬರೆದಿಟ್ಟರೆ ಒಳ್ಳೆಯದು. ಬೇರೆಯವರು ಬರೆದರೆ ನನ್ನ ಮರ್ಯಾದೆ ನೋಡಿ ಅರ್ಧ ಬಿಟ್ಟುಬಿಡುತ್ತಾರೆ.

ನನ್ನ ಕೆಲಸ ಚಿಕ್ಕೋಡಿಯಲ್ಲಿ. ಹೊಳೆಯ ದಂಡೆಯ ಊರುಗಳಲ್ಲಿ ನೀರಿನ ಮಟ್ಟ ಅಳೆಯುವ ಗೇಜುಗಳಿದ್ದವು. ಪ್ರತಿಯೊಂದಕ್ಕೂ ಒಬ್ಬ ಗೇಜ್ ರೀಡರ್, ಅವನ ಕೈಗೆ ಒಂದು ವೈರ್‌ಲೆಸ್ ಸೆಟ್ಟು. ಬೆಳಿಗ್ಗೆ ಎಂಟಕ್ಕೆ ಒಬ್ಬೊಬ್ಬರಾಗಿ ಮಟ್ಟ ಹೇಳುವರು, ನಾನು ಬರೆದುಕೊಂಡು ಮೇಲಿನ ಕಚೇರಿಗೆ ಕಳಿಸುವೆ. ಮಳೆಗಾಲದಲ್ಲಿ ಇದೇ ಕೆಲಸ ಗಂಟೆಗೊಮ್ಮೆ. ಕೇಳಲು ಸುಲಭ. ಮೊದಲ ಮಳೆಗಾಲದಲ್ಲೇ ನಾನು ರಾಯಬಾಗದ ಕಡೆಯ ಅಂಕಿಯನ್ನು ಅಥಣಿಯ ಕಾಲಮ್ಮಿನಲ್ಲಿ, ಅಥಣಿಯದನ್ನು ರಾಯಬಾಗದಲ್ಲಿ ಬರೆದು ಕಳಿಸಿದೆ. ಹೊಳೆ ಹಿಂದಕ್ಕೆ ಹರಿಯುತ್ತಿದೆ ಎಂದು ಲೆಕ್ಕ ಬಂತಂತೆ.

ನಮ್ಮ ಮೇಲಧಿಕಾರಿ ಕುಲಕರ್ಣಿ ಸಾಹೇಬರು ಸಿಟ್ಟಾಗಲಿಲ್ಲ. ಅವರು ಸಿಟ್ಟಾದದ್ದನ್ನು ನಾನು ಕಂಡೇ ಇಲ್ಲ. ನಿಪ್ಪಾಣಿಯ ತಪಕೀರು ಒಂದು ಚಿಟಿಕೆ ಮೂಗಿಗೇರಿಸಿ, ಕಣ್ಣು ಒರೆಸಿಕೊಂಡು, ಪುಸ್ತಕ ನನ್ನ ಕಡೆ ಸರಿಸಿದರು.

"ಬರಕೊಂಡಿ, ಖರೆ. ಆದ್ರ ಅಂವಾ ಹೇಳಿದ್ದ ನೀ ಬರದಿ ಅನ್ನೂದು ಅವನಿಗೆ ಹೆಂಗ ತಿಳೀಬೇಕವಾ? ಬರದದ್ದನ್ನ ತಿರುಗಿ ಅವನಿಗೇ ಓದಿ ಹೇಳು. ಅಂವಾ ಹೂಂ ಅಂದಮ್ಯಾಲ ಕೆಲಸ ಮುಗೀತು. ಅಲ್ಲೀತನಾ ಮುಗಿದಿಲ್ಲ."

ಅಂದಿನಿಂದ ನಾನು ಪ್ರತಿ ಅಂಕಿಯನ್ನೂ ತಿರುಗಿ ಓದಿ ಹೇಳಿದೆ. ಒಂದೆರಡು ವರ್ಷಕ್ಕೆ ಅದು ನನ್ನ ಸ್ವಭಾವವೇ ಆಗಿ, ಗೇಜ್ ರೀಡರುಗಳಿಗೆ ಕಾಟ ಕೊಡತೊಡಗಿದೆ. ಅವರು ಏನು ಹೇಳಿದರೂ "ತಿರುಗಿ ಹೇಳ್ರಿ" ಅನ್ನುತ್ತಿದ್ದೆ. ಮನೆಯಲ್ಲಿ ಕಾಯಿಪಲ್ಲೆಯ ಚೀಟಿ ಕೊಟ್ಟು ಯಜಮಾನರಿಗೂ ಹಾಗೇ ಅಂದುಬಿಡುತ್ತಿದ್ದೆ. ಅವರು ಪಾಪ, ಬದನೆಕಾಯಿ, ಸೌತೆಕಾಯಿ, ಕೊತ್ತಂಬರಿ ಎಂದು ಬಾಗಿಲಲ್ಲಿ ನಿಂತು ಒಪ್ಪಿಸಿ ಹೋಗುತ್ತಿದ್ದರು.

ಎಲ್ಲರ ಕೈಗೂ ಫೋನು ಬಂದ ಮೇಲೆ ಸೆಟ್ಟುಗಳ ಮೇಲೆ ಊಟದ ಡಬ್ಬಿ ಇಡುವ ಕಾಲ ಬಂತು. ಮಟ್ಟವನ್ನು ಫೋನಿನಲ್ಲೇ ಹೇಳುತ್ತಿದ್ದರು. ನನಗೆ ಸಂಕಟವಾಯಿತು, ಸುಳ್ಳೇಕೆ ಹೇಳಲಿ. ಆಗಲೇ ನಾನು ಹವ್ಯಾಸಿ ರೇಡಿಯೊದ ಪರೀಕ್ಷೆ ಕಟ್ಟಿ, ಲೈಸೆನ್ಸು ತೆಗೆದುಕೊಂಡು, ಮನೆಯ ಮಾಳಿಗೆಯ ಮೇಲೆ ತಂತಿ ಎಳೆದದ್ದು. ಬಟ್ಟೆ ಒಣಹಾಕಲು ಇಷ್ಟು ಎತ್ತರದಲ್ಲಿ ಯಾರು ತಂತಿ ಕಟ್ಟುತ್ತಾರೆ ಎಂದು ಓಣಿಯವರು ಕೇಳಿದರು. ಗೋಧಿ ಒಣಗಿಸಲು ಎಂದು ಹೇಳಿದೆ. ಅವರು ಇನ್ನೂ ಯೋಚಿಸುತ್ತಿರಬೇಕು.

ಮೊದಲು ಮಾತು, ಆಮೇಲೆ ತಂತಿ ಕಚೇರಿಯ ಕಡ್ಡಾ ಕಟ್ಟಾ ಮೋರ್ಸ್, ಕೊನೆಗೆ ಕಂಪ್ಯೂಟರು. ರೇಡಿಯೊದ ದನಿಯ ತಂತಿಯನ್ನು ಕಂಪ್ಯೂಟರಿಗೆ ಸಿಕ್ಕಿಸಿದರೆ ಅಕ್ಷರಗಳು, ಚಿತ್ರಗಳು ಎಲ್ಲ ದನಿಯಾಗಿ ಹೋಗುತ್ತವೆ, ದನಿಯಾಗಿ ಬರುತ್ತವೆ. ಕಿವಿಗೆ ಬರೀ ಸುಂಯ್ ಅನ್ನುವ ಸದ್ದು. ಪರದೆಯ ಮೇಲೆ ಮಾತ್ರ ಒಂದು ಸಣ್ಣ ಹಳದಿ ಗೆರೆ ಮೇಲಿನಿಂದ ಇಳಿಯುತ್ತಿರುತ್ತದೆ, ಅದರಿಂದ ಅಕ್ಷರ ಉದುರುತ್ತವೆ. ಮೊದಲ ಸಲ ಹಾಗೆ ಯಾರದೋ ಹೆಸರು ಪರದೆಯ ಮೇಲೆ ಬಂದಾಗ ನನಗೆ ಕಣ್ಣಲ್ಲಿ ನೀರು ಬಂದಿತ್ತು. ನನಗಾಗ ಐವತ್ತರ ಹತ್ತಿರ ವಯಸ್ಸು.

ಈ ಕೆಲಸ ಮಾಡುವುದು ಕಂಪ್ಯೂಟರಿನೊಳಗಿನ ಸೌಂಡ್ ಕಾರ್ಡು. ಅದರ ಹೊಟ್ಟೆಯಲ್ಲಿ ಒಂದು ಗಡಿಯಾರ ಇರುತ್ತದೆ. ದನಿಯನ್ನು ಸೆಕೆಂಡಿಗೆ ಇಷ್ಟು ಸಾವಿರ ಚೂರು ಮಾಡು ಎಂದು ಹೇಳುವುದು ಅದೇ. ಗೋಡೆಯ ಗಡಿಯಾರದ ಹಾಗೆ ಇದೂ ಒಂದೊಂದು ಮುಂದೆ ಓಡುತ್ತದೆ, ಒಂದೊಂದು ಹಿಂದೆ ಬೀಳುತ್ತದೆ. ವ್ಯತ್ಯಾಸ ಹತ್ತು ಲಕ್ಷಕ್ಕೆ ನೂರು, ಇನ್ನೂರು. ಅಕ್ಷರ ಕಳಿಸಲು ಅಷ್ಟು ಏನೂ ಅಲ್ಲ. ಚಿತ್ರ ಕಳಿಸುವಾಗ ಕಷ್ಟ. ಚಿತ್ರ ಒಂದೊಂದೇ ಸಾಲಾಗಿ ಮೇಲಿನಿಂದ ಕೆಳಕ್ಕೆ ನಾಲ್ಕು ನಿಮಿಷ ಹೋಗುತ್ತದೆ. ನಿಮ್ಮ ಗಡಿಯಾರವೂ ನನ್ನದೂ ಹೊಂದದಿದ್ದರೆ ಪ್ರತಿ ಸಾಲೂ ಕೂದಲೆಳೆಯಷ್ಟು ಪಕ್ಕಕ್ಕೆ ಸರಿದು, ನೆಟ್ಟಗಿನ ಗೋಡೆ ಸೊಟ್ಟಗೆ ವಾಲಿಕೊಳ್ಳುತ್ತದೆ. ಬಲಕ್ಕೆ ಸರಿದು ಅಂಚು ದಾಟಿದ್ದು ಎಡ ಅಂಚಿನಲ್ಲಿ ಬಂದು ಕೂರುತ್ತದೆ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಇದನ್ನು ಸರಿ ಮಾಡುವ ಬಗೆಯೂ ಸರಳ. ದೂರದ ದೇಶದ ಸಮಯದ ಸ್ಟೇಷನ್ನು ಸೆಕೆಂಡಿಗೊಂದು ಟಿಕ್ ಕಳಿಸುತ್ತಿರುತ್ತದೆ. ಅದನ್ನು ಹಿಡಿದರೆ ಪರದೆಯ ಮೇಲೆ ಟಿಕ್ಕುಗಳು ಒಂದರ ಕೆಳಗೊಂದು ಕೂತು ಗೆರೆಯಾಗುತ್ತವೆ. ಗೆರೆ ವಾಲಿದರೆ ನಿಮ್ಮ ಕಾರ್ಡು ತಪ್ಪು. ವಾಲಿದಷ್ಟಕ್ಕೆ ಒಂದು ಅಂಕಿ ಹಾಕಿ, ಗೆರೆ ನೆಟ್ಟಗೆ ನಿಂತಿತೇ ಎಂದು ಮತ್ತೆ ನೋಡಬೇಕು.

ನಾನು ಒಂದು ಚಳಿಗಾಲದ ಬೆಳಿಗ್ಗೆ ಕಾಲು ಗಂಟೆ ಕೂತು ಗೆರೆ ನೋಡಿದೆ. ಲೆಕ್ಕ ತೊಂಬತ್ತಾರು ಎಂದು ಬಂತು. ತೊಂಬತ್ತಾರು ಎಂದು ಒತ್ತಿದೆ. ಅಷ್ಟರಲ್ಲಿ ಲೈಟು ಹೋಯಿತು. ಮಧ್ಯಾಹ್ನ ಬಂದಾಗ ಟಿಕ್ಕು ಗದ್ದಲದಲ್ಲಿ ಮುಳುಗಿತ್ತು. ಅಂಕಿ ಹಾಕಿದ್ದಾಗಿದೆ, ಇನ್ನೇನು ನೋಡುವುದು ಎಂದು ಎದ್ದುಬಿಟ್ಟೆ. ಮೂವತ್ತು ವರ್ಷ ಬೇರೆಯವರಿಗೆ ತಿರುಗಿ ಹೇಳ್ರಿ ಎಂದವಳು ನಾನು.

ನೆರೆ ಬಂದಾಗ ಫೋನು ಸತ್ತು ಹೋಗುತ್ತದೆ ಎಂಬುದನ್ನು ಒಂದೆರಡು ಸಲ ಕಂಡ ಮೇಲೆ, ನನ್ನ ಮಾತು ಕೇಳಿ ನಾಲ್ಕು ಮಂದಿ ಲೈಸೆನ್ಸು ತೆಗೆದುಕೊಂಡರು. ನಿಪ್ಪಾಣಿಯಲ್ಲಿ ಫೋಟೊ ಸ್ಟುಡಿಯೊದ ಶೌಕತ್‌ಭಾಯಿ. ರಾಯಬಾಗ ತಾಲೂಕಿನ ಅಲಖನೂರಲ್ಲಿ ದನದ ದವಾಖಾನೆಯ ಮಹಾದೇವ. ಅಥಣಿ ಕಡೆ ಐಗಳಿಯ ದ್ರಾಕ್ಷಿ ಬೆಳೆಗಾರ ಬಸಗೌಡ. ಕಾಗವಾಡದಲ್ಲಿ ಶಾಲೆಯ ರಾವಸಾಹೇಬ ಮಾಸ್ತರು. ಚಿಕ್ಕೋಡಿಯಲ್ಲಿ ನಾನು. ಐದು ತಾಲೂಕಿಗೆ ಐದು ಸ್ಟೇಷನ್ನು. ಪ್ರತಿ ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಎಲ್ಲರೂ ರೇಡಿಯೊ ಹಚ್ಚಿ ಗಾಳಿಯಲ್ಲಿ ಸೇರುತ್ತಿದ್ದೆವು. ಅವರೆಲ್ಲ ನನ್ನನ್ನು ಅಕ್ಕೋರು ಎಂದು ಕರೆದರು. ನಮ್ಮ ಕಡೆ ಶಾಲೆಯ ಶಿಕ್ಷಕಿಯರನ್ನು ಕರೆಯುವುದು ಹಾಗೆ. ನನಗೂ ಒಳಗೊಳಗೇ ಹಿಗ್ಗು.

ಅವರು ಮಾಡಿದ ಫಜೀತಿಗಳನ್ನೂ ಹೇಳಬೇಕು, ನೀವೂ ಮಾಡುವವರೇ. ಕಂಪ್ಯೂಟರಿನ ಎಲ್ಲ ಸದ್ದೂ ಒಂದೇ ಕಾರ್ಡಿನಿಂದ ಹೋದರೆ ಅದೆಲ್ಲ ಗಾಳಿಗೂ ಹೋಗುತ್ತದೆ. ಶೌಕತ್‌ಭಾಯಿ ಒಂದು ಭಾನುವಾರ ರೇಡಿಯೊ ಹಚ್ಚಿಟ್ಟೇ ಯಾರದೋ ಮದುವೆಯ ವಿಡಿಯೊ ಕತ್ತರಿಸಲು ಕೂತರು. ಹತ್ತು ನಿಮಿಷ ನಮಗೆಲ್ಲ ಸನಾದಿ ವಾದನ ಕೇಳಿಸಿತು, ಅಕ್ಷತೆಯ ಹೊತ್ತಿಗೆ ಬೀಗರ ಜಗಳವೂ ಕೇಳಿಸಿತು. ಬಸಗೌಡರ ರೇಡಿಯೊದಲ್ಲಿ ಸದಾ ಗರ್ ಎನ್ನುವ ಗದ್ದಲ. ದ್ರಾಕ್ಷಿ ಪಡಕ್ಕೆ ನೀರು ಬಿಡುವ ಮೋಟರಿನದು. ಭಾನುವಾರ ಒಂಬತ್ತಕ್ಕೆ ಅವರ ಬಳ್ಳಿಗಳಿಗೆ ನೀರಿಲ್ಲ ಎಂದು ತೀರ್ಮಾನವಾಯಿತು.

ಇವರ್ಯಾರಿಗೂ ಸಮಯದ ಸ್ಟೇಷನ್ನಿನ ಟಿಕ್ಕು ಸರಿಯಾಗಿ ಸಿಗುತ್ತಿರಲಿಲ್ಲ. ಅದಕ್ಕೆ ನಾನೊಂದು ಉಪಾಯ ಹೂಡಿದೆ. ಹಾಳೆಯ ಮೇಲೆ ಸ್ಕೇಲು ಇಟ್ಟು ನೆಟ್ಟಗೆ ದಪ್ಪ ಗೆರೆ ಎಳೆದು, ಅದನ್ನೇ ಚಿತ್ರವಾಗಿ ಕಳಿಸಿದೆ. ನಿಮ್ಮ ಪರದೆಯಲ್ಲಿ ಅದು ನೆಟ್ಟಗೆ ನಿಲ್ಲುವ ತನಕ ಅಂಕಿ ಬದಲಿಸಿ, ಕೇಳಲೂ ಕಳಿಸಲೂ ಅದೇ ಅಂಕಿ ಇಡಿ ಎಂದೆ. ಎರಡು ಭಾನುವಾರ ಹಿಡಿಯಿತು. ಒಬ್ಬೊಬ್ಬರೇ ಹೇಳುತ್ತ ಬಂದರು.

"ಅಕ್ಕೋರ, ನಿಂತೈತ್ರಿ."

"ನಮ್ದೂ ನಿಂತೈತ್ರಿ, ಗರಡಗಂಬ ನಿಂತಂಗ."

ಅವರು ಕಳಿಸಿದ ಚಿತ್ರಗಳೂ ನನ್ನ ಪರದೆಯಲ್ಲಿ ನೆಟ್ಟಗೆ ನಿಂತವು. ಐದು ತಾಲೂಕು ಒಂದೇ ಗೆರೆಯಲ್ಲಿ. ಅಂದು ನನಗಿದ್ದ ಜಂಬ ಸಾಮಾನ್ಯದ್ದಲ್ಲ.

ಚಿತ್ರವೇ ಯಾಕೆ, ಅಕ್ಷರ ಸಾಲದೇ ಎಂದು ಕೇಳಬಹುದು. ನಾವು ಬಳಸುತ್ತಿದ್ದ ಪದ್ಧತಿಯಲ್ಲಿ ಇಂಗ್ಲಿಷ್ ಅಕ್ಷರ ಹೋಗುತ್ತಿತ್ತು, ಕನ್ನಡ ಹೋಗುತ್ತಿರಲಿಲ್ಲ. ನಮ್ಮ ಊರು, ತೋಟ, ಅಡ್ಡಹೆಸರುಗಳನ್ನು ಇಂಗ್ಲಿಷಿನಲ್ಲಿ ಬರೆದರೆ ಓದಿದವರು ಬೇರೆ ಊರಿಗೇ ಹೋಗಿಬಿಡುವರು. ಅದಕ್ಕೆ ಮಾಸ್ತರು ತಮ್ಮ ದುಂಡು ಅಕ್ಷರದಲ್ಲಿ ಕನ್ನಡದಲ್ಲೇ ಹಾಳೆ ತುಂಬಿ, ಹಾಳೆಯನ್ನೇ ಚಿತ್ರವಾಗಿ ಕಳಿಸುತ್ತಿದ್ದರು. ಕೈಬರಹವೇ ಬಂದ ಮೇಲೆ ತಿರುಗಿ ಓದಿ ಹೇಳುವುದು ಯಾತಕ್ಕೆ? ಆ ರೂಢಿಯನ್ನು ನಾವು ಬಿಟ್ಟೆವು. ಬಿಟ್ಟದ್ದು ಯಾರಿಗೂ ಗೊತ್ತೇ ಆಗಲಿಲ್ಲ.

ನಮ್ಮ ಐವರ ಹೊರಗೆ ಚಿತ್ರ ತೆಗೆದುಕೊಳ್ಳುತ್ತಿದ್ದವರು ಸಾಂಗಲಿಯ ಭಾವೂ ಕಾಕಾ ಒಬ್ಬರೇ. ನನಗಿಂತ ಹದಿನೈದು ವರ್ಷ ದೊಡ್ಡವರು, ಮರಾಠಿ ಕನ್ನಡ ಎರಡೂ ಬೆರೆಸಿ ಮಾತಾಡುವವರು. ಯಾವ ಚಿತ್ರ ಕಳಿಸಿದರೂ, "ಏಕದಮ ಝಕಾಸ ಆಲಾ, ತಾಯಿ. ಭಾಳ ಚಲೋ" ಅನ್ನುವರು.

ನಾನು ನಿವೃತ್ತಳಾದ ಮೇಲೆ ಬಂದ ಒಂದು ಮಳೆಗಾಲದಲ್ಲಿ ಹೊಳೆ ಏರಿತು. ಎರಡನೆಯ ದಿನ ಕರೆಂಟು ಹೋಯಿತು, ಆಮೇಲೆ ಫೋನಿನ ಟವರು. ರಾವಸಾಹೇಬ ಮಾಸ್ತರು ಶಾಲೆಯ ಮಾಳಿಗೆಯಲ್ಲಿ ಬ್ಯಾಟರಿಗೆ ಸೆಟ್ಟು ಹಚ್ಚಿ ಕೂತರು. ನೀರು ಸುತ್ತುವರಿದ ತೋಟದ ಮನೆಗಳ ಹೆಸರು ಎಡಕ್ಕೆ, ಪ್ರತಿ ಮನೆಯಲ್ಲಿ ಉಳಿದ ಜನ ಎಷ್ಟೆಂದು ಬಲ ಅಂಚಿಗೆ ಬರೆದು, ಪರಿಹಾರ ಕೇಂದ್ರಕ್ಕೆ ಚಿತ್ರ ಕಳಿಸಿದರು. ಅಲ್ಲಿ ಹೊರಗಿನಿಂದ ಬಂದ ಒಬ್ಬ ಆಪರೇಟರ್ ಅದನ್ನು ನೋಡಿ ಬೋಟಿನವರಿಗೆ ಪಟ್ಟಿ ಬರೆದುಕೊಟ್ಟರು. ನಾನು ಚಿಕ್ಕೋಡಿಯಲ್ಲಿ ಎರಡೂ ಕಡೆ ಕೇಳುತ್ತ ಕೂತಿದ್ದೆ. ನನ್ನ ಪರದೆಯ ಮೇಲೂ ಅದೇ ಹಾಳೆ ಬಂತು. ಚೊಕ್ಕವಾಗಿತ್ತು.

ಮಧ್ಯಾಹ್ನ ಮೂರಕ್ಕೆ ಮಾಸ್ತರ ದನಿ ಬಂತು. ಅವರು ಎಂದೂ ಅವಸರದಲ್ಲಿ ಮಾತಾಡುವವರಲ್ಲ.

"ಅಕ್ಕೋರ, ಬೋಟ್ ಗಂಗವ್ವನ ತೋಟದ ಮನಿ ಬಾಜೂಕಿಂದನ ಹೋತ್ರಿ. ನಿಂದರಲಿಲ್ಲ. ಅಲ್ಲಿ ಒಂಬತ್ತ ಮಂದಿ ಅದಾರ. ನೀರು ಪಡಸಾಲಿಗೆ ಬಂದೈತಿ. ಮಾಳಗಿ ಹಿಂದ ಕುಂತಾರ ಕಾಣತೈತಿ, ಬೋಟಿನವರಿಗೆ ಕಂಡಿಲ್ಲ."

ನಾನು ಪರಿಹಾರ ಕೇಂದ್ರವನ್ನು ಕರೆದೆ. ಆ ಮನೆಯಲ್ಲಿ ಯಾರೂ ಇಲ್ಲ, ಪಟ್ಟಿಯಲ್ಲಿ ಹಾಗೇ ಇದೆ ಎಂದರು ಆಪರೇಟರ್. ನನ್ನ ಹಳೆಯ ಅಭ್ಯಾಸ ಆಗ ಬಾಯಿಗೆ ಬಂತು. ಚಿತ್ರವನ್ನು ಸಾಲು ಸಾಲಾಗಿ ತಿರುಗಿ ಓದಿ ಹೇಳ್ರಿ ಎಂದೆ. ಮೇಲಿನ ಸಾಲುಗಳು ಸರಿಯಾಗಿದ್ದವು. ಕೊನೆಗೆ ಬಂದರು.

"ಕೊನೆಯ ಮೂರು ಮನೆಗೆ ಜನರ ಸಂಖ್ಯೆ ಬರೆದಿಲ್ಲ ಮೇಡಂ. ಎಡಗಡೆ ಮನೆ ನಂಬರು ಇದೆ. ನಾಲ್ಕು, ಎರಡು, ಒಂಬತ್ತು."

ಹಾಳೆ ಕೆಳಗಿಳಿದಂತೆ ವಾಲಿ, ಬಲ ಅಂಚಿನ ಅಂಕಿ ಕೊನೆಯ ಮೂರು ಸಾಲಿನಲ್ಲಿ ಅಂಚು ದಾಟಿ ಎಡಕ್ಕೆ ಬಂದು ಕೂತಿತ್ತು. ಒಂಬತ್ತು ಮಂದಿ ಮನೆಯ ನಂಬರಾಗಿದ್ದರು. ಉಳಿದೆರಡು ಮನೆಯವರು ಎದುರಿಗೇ ಇದ್ದುದರಿಂದ ಬೋಟಿಗೆ ಕೂಗಿ ಹತ್ತಿಕೊಂಡಿದ್ದರು.

ಆಗ ನಾನು ಆಡಿದ ಮಾತು ಹೇಳಲು ನಾಚಿಕೆಯಾಗುತ್ತದೆ. ಬೋಟು ವಾಪಸ್ ಕಳಿಸಿ ಎಂದು ಹೇಳಿದ ಮೇಲೆ ಸುಮ್ಮನಿರಬಹುದಿತ್ತು. ಎಲ್ಲರೂ ಕೇಳುತ್ತಿದ್ದಾಗಲೇ, "ಮೊದಲ ನಿಮ್ಮ ಸೌಂಡ್ ಕಾರ್ಡ್ ಸರಿ ಮಾಡಿಕೊಂಡು ಬರಬೇಕಿತ್ತು. ಮಂದಿ ಜೀವದ ಕೂಡ ಆಟ ಆಡಬಾರದು" ಎಂದೆ. "ನಿನ್ನೆ ಬೆಳಿಗ್ಗೆಯೇ ಟಿಕ್ ನೋಡಿದ್ದೆ ಮೇಡಂ, ನೆಟ್ಟಗಿತ್ತು. ಇನ್ನೊಮ್ಮೆ ನೋಡ್ತೀನಿ" ಎಂದರು ಆತ, ಅಷ್ಟೇ. ಕತ್ತಲಾಗುವ ಮೊದಲು ಒಂಬತ್ತೂ ಮಂದಿ ಶಾಲೆಗೆ ಬಂದರೆಂದು ಮಾಸ್ತರು ಹೇಳಿದರು. ನಾನು ಮುಖ ತೊಳೆದುಕೊಂಡು ಅನ್ನಕ್ಕಿಟ್ಟೆ.

ನೀರು ಇಳಿದು ವಾರವಾದ ಮೇಲೆ ಭಾವೂ ಕಾಕಾ ಗಾಳಿಗೆ ಬಂದರು. ನೆರೆಯಲ್ಲಿ ಅವರ ಮನೆಗೂ ನೀರು ಹೊಕ್ಕಿತ್ತು. ಹೊರಗಿನ ಆಪರೇಟರ ಕಾರ್ಡಿನ ವಿಷಯ ಅವರಿಗೆ ಆವೇಶದಿಂದ ಹೇಳಿದೆ. ಎಲ್ಲ ಕೇಳಿದ ಮೇಲೆ ಕಾಕಾ ಶುರು ಮಾಡಿದರು.

"ತಾಯಿ, ಒಂದ್ ಮಾತು. ನಿಮ್ದು ಐದೂ ಮಂದೀದು ಚಿತ್ರ ನನ್ನ ಕಡೆ ಮೊದಲಿಂದ ವಾಕಡಾನ, ಸೊಟ್ಟಾನ ಬರ್ತದ. ನಾ ಇಲ್ಲಿ ಸರಳ ಮಾಡಿ ನೋಡಕೊಳತೀನಿ."

"ಮೊದಲಿಂದ ಅಂದ್ರ?"

"ಎರಡ್ ವರ್ಷ ಆತು."

"ಹೇಳಬಾರದಾಗಿತ್ತೇನ್ರಿ ಕಾಕಾ?"

"ಐದ್ ಮಂದೀದೂ ಒಂದನಮೂನಿ ಬರ್ತದ, ನಂದೊಂದ ಬ್ಯಾರೆ. ಐದ್ ಮಂದಿ ಖರೆ ಇರಬೇಕು, ನಂದ ತಪ್ಪ ಅಂತ ತಿಳದೆ. ಮತ್ತ ನೀವು ಅಕ್ಕೋರು."

ಮರುದಿನ ಬೆಳಿಗ್ಗೆ ಸಮಯದ ಸ್ಟೇಷನ್ನು ಹಿಡಿದು ಕೂತೆ. ನನ್ನ ಗೆರೆ ವಾಲಿತು. ಮೊದಲಿದ್ದುದಕ್ಕಿಂತ ಎರಡು ಪಟ್ಟು ವಾಲಿತು. ತೊಂಬತ್ತಾರರ ಹಿಂದೆ ಒಂದು ಕಳೆಯುವ ಚಿಹ್ನೆ ಹಾಕಬೇಕಿತ್ತು, ಹಾಕಿರಲಿಲ್ಲ. ತಪ್ಪನ್ನು ತಿದ್ದುವ ಬದಲು ದುಪ್ಪಟ್ಟು ಮಾಡಿದ್ದೆ. ಆಮೇಲೆ ನನ್ನ ಸೊಟ್ಟಕ್ಕೆ ನಾಲ್ವರನ್ನು ಹೊಂದಿಸಿದ್ದೆ. ಆ ಬೆಳಿಗ್ಗೆ ನನಗೆ ಆದಷ್ಟು ಅವಮಾನ ಇಡೀ ನೌಕರಿಯಲ್ಲಿ ಆಗಿರಲಿಲ್ಲ, ಅದೂ ಕೋಣೆಯಲ್ಲಿ ಯಾರೂ ಇಲ್ಲದಾಗ. ಸದ್ದಿಲ್ಲದೆ ಅಂಕಿ ಸರಿ ಮಾಡಿ, ಹೊಂದಿಸಿಕೊಳ್ಳಲು ಹೊಸ ಗೆರೆಯ ಹಾಳೆ ಕಳಿಸುತ್ತೇನೆ ಎಂದು ಹೇಳಿದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಎರಡು ದಿನ ಅದನ್ನೇ ಯೋಚಿಸಿದೆ ಎಂಬುದನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಭಾನುವಾರ ಒಂಬತ್ತಕ್ಕೆ ಎಲ್ಲವನ್ನೂ ಹೇಳಿದೆ. ಮೊದಲು ಪರಿಹಾರ ಕೇಂದ್ರದಲ್ಲಿದ್ದ ಆ ಆಪರೇಟರನ್ನು ಕರೆಸಿ, ಎಲ್ಲರ ಎದುರು ಬೈದದ್ದಕ್ಕೆ ಎಲ್ಲರ ಎದುರೇ ತಪ್ಪಾಯಿತು ಎಂದೆ. ಆತ ತನ್ನ ಕಾರ್ಡನ್ನು ಆಮೇಲೆ ಮೂರು ಸಲ ನೋಡಿಕೊಂಡರಂತೆ, ಪಾಪ. ಮೊದಲು ಬಸಗೌಡರು ಗುಂಡಿ ಒತ್ತಿದರು.

"ಅಂದ್ರ ನಮ್ದು ಎಲ್ಲಾರದೂ ಸೊಟ್ಟ ಏನ್ರಿ?"

"ಎಲ್ಲಾರದೂ."

"ಆತ ಬಿಡ್ರಿ. ನಾ ಒಬ್ಬಾಂವನ ಸೊಟ್ಟ ಇದ್ದಿದ್ರ ಕೆಟ್ಟ ಅನಸ್ತಿತ್ತು."

ಅವರ ಮಾತಿಗೆ ಎಲ್ಲರೂ ನಕ್ಕರು. ನಗದವರು ರಾವಸಾಹೇಬ ಮಾಸ್ತರು ಒಬ್ಬರೇ. ಗಂಗವ್ವ ಅವರಿಗೆ ದೂರದ ಸಂಬಂಧದಲ್ಲಿ ಸೋದರತ್ತೆ. "ಅಕ್ಕೋರ, ಇದನ್ನ ಅಕೀಗೆ ನೀವ ಹೇಳಬೇಕ್ರಿ. ನಾ ಹೇಳೂದಲ್ಲ" ಎಂದರು. ಸರಿಯಾದ ಮಾತು. ಮುಂದಿನ ವಾರ ಕಾಗವಾಡಕ್ಕೆ ಬಸ್ಸು ಹತ್ತಿದೆ. ಮಾಸ್ತರು ನಿಲ್ದಾಣಕ್ಕೆ ಬಂದು ತೋಟಕ್ಕೆ ಕರೆದುಕೊಂಡು ಹೋದರು.

ಗಂಗವ್ವ ಅಂಗಳದಲ್ಲಿ ಎಮ್ಮೆಯ ಮೈ ತಿಕ್ಕುತ್ತಿದ್ದರು. ಎಪ್ಪತ್ತು ದಾಟಿದ ಗಟ್ಟಿ ಹೆಂಗಸು. ಪಡಸಾಲೆಯ ಗೋಡೆಯಲ್ಲಿ ಸೊಂಟದ ಎತ್ತರಕ್ಕೆ ನೀರಿನ ಕಂದು ಗೆರೆ ಹಾಗೇ ಇತ್ತು. ಸೌಂಡ್ ಕಾರ್ಡನ್ನು ಅವರಿಗೆ ಹೇಗೆ ವಿವರಿಸುವುದೆಂದು ಬಸ್ಸಿನಲ್ಲಿ ಮಾಡಿಕೊಂಡ ತಯಾರಿಯೆಲ್ಲ ಆ ಗೆರೆ ನೋಡಿ ಹಾರಿಹೋಯಿತು. ನನ್ನ ತಪ್ಪಿನಿಂದ ಬೋಟು ಮೊದಲ ಸಲ ನಿಲ್ಲಲಿಲ್ಲ, ಒಂಬತ್ತು ಮಂದಿಯನ್ನು ನಾನು ನೀರಿನಲ್ಲಿ ಕೂಡಿಸಿದೆ ಎಂದಷ್ಟೇ ಹೇಳಿದೆ. ಕೈ ಹಿಡಿದುಕೊಳ್ಳಲು ಹೋದೆ. ಅವರ ಕೈ ಒದ್ದೆ ಇತ್ತು.

ಅವರು ಎಮ್ಮೆಯನ್ನು ತಿಕ್ಕುವುದನ್ನು ನಿಲ್ಲಿಸಿ ಮಾಸ್ತರನ್ನು ನೋಡಿದರು.

"ಒಂಬತ್ತ ಅಂತ ಬರದಿದ್ದಿ ಏನಲೇ ರಾವಸಾಹೇಬ?"

"ಹೌದ್ರೆವ್ವ. ಒಂಬತ್ತ ಮಂದಿ ಇದ್ರಲಾ."

"ಎರಡ್ ಎಮ್ಮಿ ಯಾರ್ ಬರೀಬೇಕು? ಬೋಟ್ ತಿರುಗಿ ಬಂತು, ಎಮ್ಮಿ ಬಿಟ್ಟ ನಾ ಹತ್ತಂಗಿಲ್ಲ ಅಂದೆ. ಹಗ್ಗಾ ಕಟ್ಟಿ ಬೋಟಿನ ಬಾಜೂಕ ಈಜಿಸಿಕೊಂಡ ಬರೂದರಾಗ ತಾಸ ಹೋತು. ಪಟ್ಟ್ಯಾಗ ಇದ್ರ ಅವರು ಹಗ್ಗಾ ತರ್ತಿದ್ರು." ಆಮೇಲೆ ನನ್ನ ಕಡೆ ತಿರುಗಿದರು. "ಅಕ್ಕೋರ, ನಿಮ್ಮ ತಪ್ಪ ನೀವು ಹೇಳಾಕ ಬಸ್ ಹತ್ತಿ ಬಂದ್ರಿ. ಇಂವಾ ದಿನಾ ಇಲ್ಲೇ ಅಡ್ಡಾಡತಾನ, ಒಂದ ಸಲಾ ತನ್ನ ತಪ್ಪ ಹೇಳಿಲ್ಲ. ಬರ್ರಿ, ಚಹಾ ಕುಡೀರಿ."

ಕಣ್ಣು ಒರೆಸಿಕೊಂಡು ಚಹಾ ಕುಡಿದೆ. ಮಾಸ್ತರು ಮಾತ್ರ ಚಹಾದ ಬಸಿಯಲ್ಲಿ ಮುಖ ಅಡಗಿಸಿಕೊಂಡಿದ್ದರು.

ಈಗ ಐವರ ಕಾರ್ಡೂ ನೆಟ್ಟಗಿದೆ. ಪ್ರತಿಯೊಬ್ಬರೂ ತಂತಿ ಎತ್ತರಿಸಿಕೊಂಡು ತಾವೇ ಟಿಕ್ ಹಿಡಿಯುತ್ತಾರೆ, ಅಂಕಿ ಹಾಕಿದ ಮೇಲೆ ಇನ್ನೊಮ್ಮೆ ನೋಡುತ್ತಾರೆ, ಯಾರೂ ನನ್ನ ಗೆರೆಗೆ ಹೊಂದಿಸಿಕೊಳ್ಳುವುದಿಲ್ಲ. ಸೊಟ್ಟ ಬಂದರೆ ಭಾವೂ ಕಾಕಾ ಮೊದಲು ನನ್ನನ್ನೇ ಬೈಯಬೇಕೆಂದು ಒಪ್ಪಂದ. ಹಾಳೆಯಲ್ಲಿ ಅಂಕಿಗಳನ್ನು ಹೆಸರಿಗೆ ಅಂಟಿಸಿಯೇ ಬರೆಯುತ್ತೇವೆ, ಜಾನುವಾರಿಗೆ ಬೇರೆ ಕಾಲಮ್ಮು ಇದೆ. ಚಿತ್ರ ಎಷ್ಟೇ ಚೊಕ್ಕ ಬಂದರೂ ತೆಗೆದುಕೊಂಡವರು ಬಾಯಿಂದ ತಿರುಗಿ ಓದಲೇಬೇಕು. ನೀವು ಬರುವ ಹೊತ್ತಿಗೆ ಯಂತ್ರ ಇನ್ನೇನಾಗಿರುತ್ತದೋ ನನಗೆ ತಿಳಿಯದು. ಇದೊಂದನ್ನು ಮಾತ್ರ ಬಿಡಬೇಡಿ.

ಭಾನುವಾರದ ಅಭ್ಯಾಸಕ್ಕೆ ಮಾಸ್ತರು ಈಗಲೂ ಅದೇ ಹಳೆಯ ಪಟ್ಟಿಯನ್ನು ತಿದ್ದಿ ಕಳಿಸುತ್ತಾರೆ. ನಾನು ಚಿಕ್ಕೋಡಿಯಲ್ಲಿ ಕೂತು ಸಾಲು ಸಾಲಾಗಿ ಓದಿ ಹೇಳುತ್ತೇನೆ. ಕೊನೆಯ ಸಾಲಿಗೆ ಬಂದಾಗ ನನ್ನ ದನಿ ಸ್ವಲ್ಪ ನಿಧಾನವಾಗುತ್ತದೆ.

"ಗಂಗವ್ವನ ತೋಟದ ಮನಿ. ಒಂಬತ್ತ ಮಂದಿ, ಎರಡ ಎಮ್ಮಿ."

"ತಿರುಗಿ ಹೇಳ್ರಿ ಅಕ್ಕೋರ" ಅನ್ನುತ್ತಾರೆ ಮಾಸ್ತರು. ನಾನು ತಿರುಗಿ ಹೇಳುತ್ತೇನೆ.